ನೀನು ಹಾಕದೆ ಬಿಟ್ಟ ಚುಕ್ಕಿಗಳು

ಅಕ್ಕ,

ಮೊದಲು 'ಪ್ರೀತಿಯ ಅಕ್ಕ' ಎಂದು ಟೈಪು ಮಾಡಿದ್ದೆ. ಆಮೇಲೆ ಮೊದಲಿನ ಪದವನ್ನು ಅಳಿಸಿದೆ. 'ಅಕ್ಕ' ಅನ್ನುವುದನ್ನು ಅಳಿಸಲು ನನ್ನಿಂದ ಆಗುವುದಿಲ್ಲ, ಹಾಗಾಗಿ ಅದು ಉಳಿಯಿತು. ಈ ಪತ್ರವನ್ನು ನಾನು ಯಾರಿಗೂ ಹೇಳಿ ಬರೆಸುತ್ತಿಲ್ಲ. ಕಂಪ್ಯೂಟರಿನ ಮುಂದೆ ಕೂತು ನಾನೇ ಟೈಪು ಮಾಡುತ್ತಿದ್ದೇನೆ. ಒಂದೊಂದು ಸಾಲು ಮುಗಿದಾಗಲೂ ಅದು ನನಗೆ ಓದಿ ಹೇಳುತ್ತದೆ. ಅದರ ದನಿಯಲ್ಲಿ ಏರಿಳಿತವಿಲ್ಲ. ಆದರೆ ನಾನು ಒತ್ತಿದ್ದನ್ನೇ ಓದುತ್ತದೆ, ಅಷ್ಟು ಸಾಕು.

ಹೋದ ಭಾನುವಾರ ನೀನು ಫೋನು ಮಾಡಿ, ಮಗಳಿಗೆ ರಸಾಯನಶಾಸ್ತ್ರ ತಲೆಗೆ ಹತ್ತುತ್ತಿಲ್ಲ, ರಜೆಯಲ್ಲಿ ನಿನ್ನ ಹತ್ತಿರ ಕಳಿಸಲಾ ಅಂತ ಕೇಳಿದೆ. 'ಆ ಚುಕ್ಕಿ ಹಾಕಿ ಬಿಡಿಸೋ ಚಿತ್ರಗಳಿವೆಯಲ್ಲ, ಅವೇ ಅವಳಿಗೆ ಬರಲ್ಲ' ಅಂದೆ. ಅದನ್ನು ನೀನು ಎಷ್ಟು ಸಲೀಸಾಗಿ ಹೇಳಿಬಿಟ್ಟೆಯೆಂದರೆ, ನಿನಗೆ ನಿಜವಾಗಿಯೂ ಮರೆತುಹೋಗಿದೆಯೇನೋ ಎಂದು ನನಗೆ ಒಂದು ಕ್ಷಣ ಅನುಮಾನವೇ ಬಂತು. ಯೋಚಿಸಿ ಹೇಳುತ್ತೇನೆ ಅಂದಿದ್ದೆ. ಯೋಚಿಸಿದ್ದೇನೆ. ಉತ್ತರವನ್ನು ಕೊನೆಯಲ್ಲಿ ಬರೆಯುತ್ತೇನೆ. ಅದಕ್ಕೆ ಮೊದಲು ಇಷ್ಟು ವರ್ಷ ನಾನು ನಿನಗೆ ಹೇಳದೆ ಉಳಿಸಿಕೊಂಡದ್ದನ್ನು ನೀನು ಓದಬೇಕು.

ನಮ್ಮ ಇಸ್ತ್ರಿ ಅಂಗಡಿಯ ಒಳಕೋಣೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಬದುಕಿನ ಅತ್ಯಂತ ಸುಖದ ಮಧ್ಯಾಹ್ನಗಳು ಕಳೆದದ್ದು ಅಲ್ಲೇ. ಅಮ್ಮ ಮುಂದಿನ ಕೋಣೆಯಲ್ಲಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ನೀನು ಒಳಗೆ ಬಟ್ಟೆಗೆ ನೀರು ಚಿಮುಕಿಸಿ ಮಡಚಿ ಇಡುತ್ತಿದ್ದೆ. ಅಪ್ಪ ಹೋದ ಮೇಲೆ ಅಮ್ಮನಿಗೆ ಒಂದು ಕೈ ಕಡಿಮೆಯಾಯಿತೆಂದು ಹತ್ತನೆಯ ತರಗತಿಗೇ ಓದು ಬಿಟ್ಟವಳು ನೀನು. ಜ್ವರ ನನ್ನ ಕಣ್ಣು ತೆಗೆದುಕೊಂಡಾಗ ನನಗೆ ಆರು ವರ್ಷ, ಆವತ್ತಿನಿಂದ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ದವಳೂ ನೀನೇ. ಇದನ್ನೆಲ್ಲ ನಾನು ಮರೆತಿಲ್ಲ. ಮರೆತಿದ್ದರೆ ಈ ಪತ್ರ ಎಷ್ಟೋ ಸುಲಭವಾಗುತ್ತಿತ್ತು.

ನಾನು ವಿಜ್ಞಾನವನ್ನೇ ತೆಗೆದುಕೊಳ್ಳುತ್ತೇನೆ ಅಂದಾಗ ಶಾಲೆಯಲ್ಲಿ ಎಲ್ಲರೂ ಒಂದೇ ರಾಗ ಹಾಡಿದರು. ಚಿತ್ರಗಳಿರುತ್ತವೆ, ಹೇಗೆ ಬಿಡಿಸುತ್ತಾಳೆ, ಹೇಗೆ ನೋಡುತ್ತಾಳೆ ಅಂತ. ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಮಾತ್ರ, ಅಣುವನ್ನು ಕಣ್ಣಿದ್ದವರೂ ನೋಡಿಲ್ಲವಲ್ಲ, ನಾವೆಲ್ಲ ಸಮಾನರೇ ಅಂದರು. ಅಂಗಿಯ ತೋಳಿಗೆ ಯಾವಾಗಲೂ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿದ್ದರಿಂದ ಹುಡುಗರು ಅವರನ್ನು ಸುಣ್ಣದ ಮೇಷ್ಟ್ರು ಅನ್ನುತ್ತಿದ್ದರು. ಆ ಅಂಗಿಗಳು ನಮ್ಮ ಅಂಗಡಿಗೇ ಬರುತ್ತಿದ್ದವು, ನೀನೇ ಒದರಿ ಒದರಿ ಶಾಪ ಹಾಕುತ್ತಿದ್ದೆ.

ಅಣುವಿನ ಎಲೆಕ್ಟ್ರಾನುಗಳನ್ನು ಚುಕ್ಕಿಗಳಾಗಿ ತೋರಿಸುವ ಲೂಯಿಸ್ ರಚನೆಯ ಪಾಠ ಶುರುವಾದಾಗ ನಾನು ಮೊದಲ ಬಾರಿ ಸೋತೆ. ಮೇಷ್ಟ್ರು ಬಾಯಲ್ಲಿ ಎಷ್ಟು ಬಿಡಿಸಿ ಹೇಳಿದರೂ ಚುಕ್ಕಿಗಳು ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಕಡೆ ಜೋಡಿಸಿದರೆ ಇನ್ನೊಂದು ಕಡೆ ಚೆದುರುತ್ತಿದ್ದವು. ಮನೆಗೆ ಬಂದು ಅತ್ತೆ. ಮಾರನೆಯ ಮಧ್ಯಾಹ್ನ ನೀನು ಇಸ್ತ್ರಿ ಮೇಜಿನ ಹಳೆಯ ಕಂಬಳಿಯನ್ನು ನೆಲಕ್ಕೆ ಹಾಸಿ, ಅಂಗಿಗಳಿಂದ ಉದುರಿದ ಗುಂಡಿಗಳನ್ನು ತುಂಬಿಟ್ಟಿದ್ದ ಡಬ್ಬಿಯನ್ನು ನನ್ನ ಮಡಿಲಿಗೆ ಸುರಿದೆ. ರಟ್ಟಿನಲ್ಲಿ ಅಕ್ಷರಗಳನ್ನು ಕತ್ತರಿಸಿದ್ದೆ. ಸಾರಜನಕಕ್ಕೆ ಎನ್, ಜಲಜನಕಕ್ಕೆ ಎಚ್. 'ಗುಂಡಿ ಅಂದ್ರೆ ಎಲೆಕ್ಟ್ರಾನು ಅಂದ್ಕೋ. ಈಗ ಪಾಠ ಹೇಳು, ನಾನೂ ಕೇಳ್ತೀನಿ' ಅಂದೆ.

ನಾನು ಮೇಷ್ಟ್ರು ಹೇಳಿದ್ದನ್ನು ಹೇಳುತ್ತಾ ಹೋದೆ. ಸಾರಜನಕದ ಹೊರಕವಚದಲ್ಲಿ ಐದು, ಮೂರು ಜಲಜನಕಗಳಿಂದ ಒಂದೊಂದು, ಒಟ್ಟು ಎಂಟು. ಎನ್ ಮತ್ತು ಒಂದೊಂದು ಎಚ್ ನಡುವೆ ಎರಡೆರಡು ಗುಂಡಿ ಇಟ್ಟರೆ ಅದು ಬಂಧ, ಇಬ್ಬರೂ ಹಂಚಿಕೊಂಡದ್ದು. ಆರು ಖರ್ಚಾದವು, ಕೈಯಲ್ಲಿ ಎರಡು ಉಳಿದವು. ಅವನ್ನು ಎಲ್ಲಿಡುವುದು ಅಂತ ನೀನು ಕೇಳಿದೆ. ಎನ್ ತಲೆಯ ಮೇಲೆ, ಅವು ಯಾರ ಜೊತೆಗೂ ಹಂಚಿಕೊಳ್ಳದವು, ಅದಕ್ಕೆ ಒಂಟಿ ಜೋಡಿ ಅಂತ ಹೆಸರು ಅಂದೆ ನಾನು. ನೀನು ನಕ್ಕ ನಗು ಮುಂದಿನ ಕೋಣೆಯ ಅಮ್ಮನಿಗೂ ಕೇಳಿಸಿತು. 'ಒಂಟಿ ಅಂದ್ಮೇಲೆ ಒಂದಿರಬೇಕು, ಜೋಡಿ ಅಂದ್ಮೇಲೆ ಎರಡಿರಬೇಕು. ನಿಮ್ಮ ಮೇಷ್ಟ್ರಿಗೆ ಹೇಳು, ಯಾವುದಾದ್ರೂ ಒಂದಕ್ಕೆ ಗಟ್ಟಿ ನಿಲ್ಲಿ ಅಂತ' ಅಂದೆ.

ಆದರೆ ಆ ಜೋಡಿಯ ಮಹಿಮೆ ನಿನಗೆ ನನಗಿಂತ ಬೇಗ ಹತ್ತಿತು. ನಾವು ಜೋಡಿಸಿದ ಆ ಅಮೋನಿಯಾದ ಅಣು ಚಪ್ಪಟೆಯಾಗಿ ಯಾಕಿಲ್ಲ ಎಂದು ನಾನು ತಡವರಿಸುತ್ತಿದ್ದಾಗ, ಮೇಲೆ ಕೂತಿರುವ ಆ ಎರಡು ಗುಂಡಿಗಳು ಮೂರು ಬಂಧಗಳನ್ನೂ ಕೆಳಗೆ ಒತ್ತುತ್ತವೆ, ಅದಕ್ಕೇ ಗೋಪುರದ ಆಕಾರ ಅಂತ ನನಗೆ ಬಿಡಿಸಿ ಹೇಳಿದವಳು ನೀನು. ನೀರಿನ ಅಣುವಿನಲ್ಲಿ ಆಮ್ಲಜನಕದ ಮೇಲೆ ಎರಡು ಒಂಟಿ ಜೋಡಿಗಳಿವೆ, ಅದಕ್ಕೇ ಅದು ಬಾಗಿದೆ. ಇಂಗಾಲದ ಡೈಆಕ್ಸೈಡಿನಲ್ಲಿ ನಡುವಿನ ಇಂಗಾಲಕ್ಕೆ ಒಂಟಿ ಜೋಡಿ ಇಲ್ಲ, ಅದಕ್ಕೇ ಅದು ನೇರ. ಇವನ್ನೆಲ್ಲ ನೀನು ಬಟ್ಟೆ ಮಡಚುತ್ತಲೇ ಒಪ್ಪಿಸುತ್ತಿದ್ದೆ. ಹತ್ತನೆಯ ತರಗತಿಗೆ ಓದು ಬಿಟ್ಟವಳು ನನ್ನ ತರಗತಿಯ ಮುಂದಿನ ಬೆಂಚಿನವರಿಗಿಂತ ಚೆನ್ನಾಗಿ ಕಲಿತಿದ್ದೆ. ಇದನ್ನು ನಾನು ಯಾಕೆ ಇಷ್ಟು ಬೆಳೆಸಿ ಬರೆಯುತ್ತಿದ್ದೇನೆ ಅಂತ ನಿನಗೆ ಗೊತ್ತು. ಏನೂ ತಿಳಿಯದವಳು ಏನೋ ತಪ್ಪು ಮಾಡಿದಳು ಅಂದುಕೊಳ್ಳಲು ನನಗೆ ನೀನು ಜಾಗವನ್ನೇ ಉಳಿಸಲಿಲ್ಲ.

ಪರೀಕ್ಷೆಗೆ ಬರೆದುಕೊಡಲು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ನನಗಿಂತ ಕಡಿಮೆ ಓದಿದವರಾಗಿರಬೇಕು ಅನ್ನುವುದಷ್ಟೇ ನಿಯಮ. ನೀನಿದ್ದೆಯಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಬಂಧಕ್ಕೆ ಗೆರೆ ಎಳೆಯುವಾಗ ಪೆನ್ನಿನ ಸದ್ದು ಹೇಗೂ ಕೇಳಿಸುತ್ತದೆ, ಚುಕ್ಕಿ ಹಾಕುವಾಗ ಮಾತ್ರ ಸ್ವಲ್ಪ ಒತ್ತಿ ಕುಟ್ಟಬೇಕು, ನನಗೆ ಲೆಕ್ಕ ಸಿಗಬೇಕು ಅಂತ.

ಪರೀಕ್ಷೆಯ ದಿನ ನಮ್ಮನ್ನು ಭೂಪಟಗಳನ್ನು ಸುತ್ತಿಡುವ ಸಣ್ಣ ಕೋಣೆಯಲ್ಲಿ ಕೂರಿಸಿದ್ದರು. ಹಳೆಯ ಬಟ್ಟೆ, ದೂಳಿನ ವಾಸನೆ. ಮೇಲ್ವಿಚಾರಣೆಗೆ ಬಂದಿದ್ದವರು ಹೊಲಿಗೆ ಕಲಿಸುವ ಟೀಚರು, ಅವರು ಕೂತ ಕುರ್ಚಿ ಕಿರುಗುಟ್ಟುತ್ತಿತ್ತು. ಪ್ರಶ್ನೆಪತ್ರಿಕೆ ಓದುತ್ತಾ ಓದುತ್ತಾ ನೀನು ಒಂದು ಕಡೆ ನಿಂತೆ. ಅಮೋನಿಯಾ, ನೀರು, ಸಾರಜನಕ, ಇಂಗಾಲದ ಡೈಆಕ್ಸೈಡ್ ಇವುಗಳ ಲೂಯಿಸ್ ರಚನೆ ಬಿಡಿಸಿ, ಆಕಾರಗಳಿಗೆ ಕಾರಣ ಕೊಡಿ ಅಂತ ಇತ್ತು. ನನಗೆ ಕುಣಿಯುವಷ್ಟು ಖುಷಿ. ಅದು ನಮ್ಮ ಕಂಬಳಿಯ ಮೇಲಿಂದಲೇ ಎತ್ತಿಕೊಂಡು ಹೋಗಿ ಇಟ್ಟ ಪ್ರಶ್ನೆಯಂತಿತ್ತು.

ನಡುವೆ ಎನ್, ಮೂರು ಕಡೆ ಎಚ್, ಮೂರು ಗೆರೆ ಅಂದೆ. ಗೆರೆಗಳ ಸದ್ದು ಕೇಳಿಸಿತು. ಎನ್ ಮೇಲೆ ಎರಡು ಚುಕ್ಕಿ ಅಂದೆ. ಕಾದೆ. ಕುರ್ಚಿಯ ಕಿರುಗು ಬಿಟ್ಟರೆ ಏನೂ ಕೇಳಿಸಲಿಲ್ಲ.

'ಹಾಕಿದ್ಯಾ?' ಅಂತ ಕೇಳಿದೆ.

'ಹಾಕಿದೆ. ಮೆಲ್ಲಗೆ ಹಾಕಿದೆ, ಕುಟ್ಟಿದ್ರೆ ಟೀಚರ್ ಬೈತಾರೆ. ಮುಂದೆ ಹೇಳು ಗುಬ್ಬಿ' ಅಂದೆ.

ನಾನು ಮುಂದೆ ಹೇಳಿದೆ. ಒಂದೊಂದು ಅಣುವಿಗೂ ಹೇಳಿದೆ, ಒಂದೊಂದು ಅಣುವಿಗೂ ನೀನು 'ಹಾಕಿದೆ' ಅಂದೆ. ನನಗೆ ಅನುಮಾನ ಬರಲೇ ಇಲ್ಲ. ಅಕ್ಕ, ಆರು ವರ್ಷದಿಂದ ಹದಿನೇಳರ ತನಕ ನೀನು ಮೆಟ್ಟಿಲು ಅಂದಾಗ ಕಾಲೆತ್ತಿದ್ದೇನೆ, ಸಾಕು ಅಂದಾಗ ನಿಂತಿದ್ದೇನೆ. ಆ ದಿನ ಮಾತ್ರ ಬೇರೆ ಏನು ಮಾಡಬೇಕಿತ್ತು ನಾನು?

ಫಲಿತಾಂಶ ಬಂತು. ಪಾಸಾಗಿದ್ದೆ. ಆದರೆ ದೂರದ ಊರಿನ ವಿಜ್ಞಾನ ಕಾಲೇಜಿಗೆ ರಸಾಯನಶಾಸ್ತ್ರದಲ್ಲಿ ಬೇಕಾದಷ್ಟು ಅಂಕ ಬಂದಿರಲಿಲ್ಲ, ಸ್ವಲ್ಪದರಲ್ಲಿ ತಪ್ಪಿತ್ತು. ಮೇಷ್ಟ್ರು ನಂಬದೆ ತಾವೇ ಹೋಗಿ ನನ್ನ ಉತ್ತರ ಪತ್ರಿಕೆ ನೋಡಿ ಬಂದರು. ಬಂದವರು ಬೇಸರದಲ್ಲಿ, ಎಲ್ಲ ಅಣುಗಳಲ್ಲೂ ಒಂಟಿ ಜೋಡಿ ಬಿಟ್ಟಿದ್ದೀಯಲ್ಲಮ್ಮ, ನೀರಿನ ಅಣು ನೇರ ಅಂತ ಬರೆಸಿದ್ದೀಯಲ್ಲ, ನಿನ್ನಿಂದ ಇದನ್ನು ನಿರೀಕ್ಷಿಸಿರಲೇ ಇಲ್ಲ ಅಂದರು. ಬಾಗಿದೆ ಅಂತ ಹೇಳಿದ ನೆನಪು ನನಗೆ ಸ್ಪಷ್ಟವಾಗಿತ್ತು. ಆದರೆ ಗಾಬರಿಯಲ್ಲಿ ನಾಲಿಗೆ ಹೊರಳಿರಬೇಕು ಎಂದುಕೊಂಡೆ, ಚುಕ್ಕಿಗಳನ್ನು ಮನಸ್ಸಿನಲ್ಲಿ ಎಣಿಸಿ ಬಾಯಲ್ಲಿ ಹೇಳುವುದನ್ನೇ ಮರೆತಿರಬೇಕು ಎಂದುಕೊಂಡೆ. ನನ್ನ ಮೇಲೆಯೇ ಅನುಮಾನಪಟ್ಟೆ, ನಿನ್ನ ಮೇಲಲ್ಲ. ತಪ್ಪಾಯಿತು ಸರ್ ಅಂತ ಮೇಷ್ಟ್ರ ಕ್ಷಮೆ ಕೇಳಿದೆ. ನಾನು ಕ್ಷಮೆ ಕೇಳುವಾಗ ನಿನ್ನ ಕೈ ನನ್ನ ಹೆಗಲ ಮೇಲಿತ್ತು. ದಾರಿಯಲ್ಲಿ ನಾನು ಬಿಕ್ಕುತ್ತಿದ್ದರೆ ನೀನು ಸಮಾಧಾನ ಹೇಳಿದೆ, 'ಹೋಗ್ಲಿ ಬಿಡು, ಮುಂದಿನ ಸಲ ಸರಿಯಾಗಿ ಹೇಳುವೆಯಂತೆ.'

ಆ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಚುಕ್ಕಿ ಬಿಟ್ಟದ್ದಕ್ಕಾದರೂ ಒಂದು ಕಾರಣ ಕಟ್ಟಿಕೊಳ್ಳಬಹುದು. ಈ ಮಾತಿಗೆ ನನಗೆ ಇವತ್ತಿಗೂ ಕಾರಣ ಸಿಕ್ಕಿಲ್ಲ.

ನಾನು ಮನೆಯ ಹತ್ತಿರದ ಕಾಲೇಜಿಗೆ ಇತಿಹಾಸ ಓದಲು ಸೇರಿದೆ. ನೀನು ದಿನಾ ಬಿಟ್ಟು ಬರುತ್ತಿದ್ದೆ, ಸಂಜೆ ಕರೆದುಕೊಂಡು ಬರುತ್ತಿದ್ದೆ. ಆ ವರ್ಷ ನೀನು ಎಷ್ಟು ಹಗುರಾಗಿದ್ದೆ ಗೊತ್ತಾ? ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದೆ. ನನ್ನ ದುಃಖ ಮರೆಸಲು ಹೀಗೆ ಮಾಡುತ್ತಾಳೆ ಎಂದುಕೊಂಡು ನನಗೆ ನಿನ್ನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಮತ್ತೆ ಪರೀಕ್ಷೆಯ ಕಾಲ ಬರುವ ಹೊತ್ತಿಗೆ ಒಂದು ದಿನ ಆ ಹೊಲಿಗೆ ಟೀಚರು ಸೀರೆಗಳ ಗಂಟು ಹೊತ್ತು ನಮ್ಮ ಅಂಗಡಿಗೆ ಬಂದರು. ಅಮ್ಮ ಊಟಕ್ಕೆ ಹೋಗಿದ್ದಳು. ನೀನು ಮುಂದಿನ ಮೇಜಿನಲ್ಲಿ ಇಸ್ತ್ರಿ ಹಾಕುತ್ತಿದ್ದೆ, ನಾನು ಪಕ್ಕದ ಸ್ಟೂಲಿನ ಮೇಲಿದ್ದೆ. ಅವರು ನನ್ನ ಗುರುತು ಹಿಡಿದರು. ಏನು ಓದುತ್ತಿದ್ದೀಯಾ ಅಂತ ಕೇಳಿ, ಇತಿಹಾಸ ಅಂದಾಗ ಆಶ್ಚರ್ಯಪಟ್ಟರು. ಪಾಪ, ಅವರ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿರಲಿಲ್ಲ.

'ಅಷ್ಟು ಪಟಪಟ ಅಂತ ಹೇಳ್ತಿದ್ದೆಯಲ್ಲಮ್ಮ ಆವತ್ತು. ಎರಡು ಚುಕ್ಕಿ ಹಾಕು, ನಾಲ್ಕು ಚುಕ್ಕಿ ಹಾಕು ಅಂತ. ನೀನು ಚುಕ್ಕಿ ಅಂದಾಗಲೆಲ್ಲ ನಿಮ್ಮಕ್ಕ ಪೆನ್ನು ಮೇಲೆತ್ತಿ ಹಿಡ್ಕೊಂಡು ಸುಮ್ನೆ ಕೂತಿರ್ತಿದ್ರು, ಆಮೇಲೆ ಹಾಕಿದೆ ಅಂತಿದ್ರು. ಅದೇನು, ಆ ಚುಕ್ಕಿಗಳನ್ನ ಮನಸ್ಸಲ್ಲೇ ಹಾಕ್ಕೋಬೇಕಾ? ನಂಗೆ ಸೈನ್ಸು ಬರಲ್ಲ ನೋಡು' ಅಂತ ನಕ್ಕರು.

ಇಸ್ತ್ರಿಪೆಟ್ಟಿಗೆ ಓಡಾಡುತ್ತಿದ್ದ ಸದ್ದು ನಿಂತುಹೋಯಿತು. ಬಟ್ಟೆ ಸುಟ್ಟ ವಾಸನೆ ಬರತೊಡಗಿತು. ಟೀಚರೇ 'ಅಯ್ಯೋ, ನೋಡ್ಕೊಳ್ಳಮ್ಮ' ಅಂದ ಮೇಲೆ ನೀನು ಪೆಟ್ಟಿಗೆ ಎತ್ತಿದೆ. ಅವರು ಗಂಟು ಇಟ್ಟು ಹೋದರು. ನಾನು ನಿನ್ನನ್ನು ಕೇಳಿದೆ, ಹಾಕಿರಲಿಲ್ಲವಾ ಅಂತ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನೀನು ಹೇಳಿದೆ.

'ನೀನು ಫೇಲಾಗ್ಲಿ ಅಂತ ಅಲ್ಲ ಗುಬ್ಬಿ. ಸ್ವಲ್ಪ ಕಡಿಮೆ ಬರ್ಲಿ ಅಂತ.'

ಆಮೇಲೆ ಮಾತು ಕಟ್ಟೆಯೊಡೆದು ಬಂತು. ಪ್ರಯೋಗಶಾಲೆಯಲ್ಲಿ ಆಸಿಡ್ ಇರುತ್ತದೆ, ಹಾಸ್ಟೆಲಿನಲ್ಲಿ ಮೆಟ್ಟಿಲುಗಳಿರುತ್ತವೆ, ಗೊತ್ತಿಲ್ಲದ ಊರಿನಲ್ಲಿ ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ, ಭಯವಾಯಿತು ಅಂದೆ. ಅಷ್ಟಕ್ಕೇ ನಿಂತಿದ್ದರೆ ನಾನು ನಂಬುತ್ತಿದ್ದೆನೋ ಏನೋ. ನೀನು ನಿಲ್ಲಲಿಲ್ಲ. ಅಳುತ್ತಳುತ್ತಾ, 'ಎಲ್ಲ ನಾನೇ ಕಲಿಸಿದ್ದು. ನೀನು ಹೋಗ್ತೀಯ, ನಾನು ಇಲ್ಲೇ ಇನ್ನೊಬ್ಬರ ಬಟ್ಟೆ ಉಜ್ಜುತಾ ಇರ್ಬೇಕಾ?' ಅಂದೆ. ನಿಜ ಅದು. ಅದರಲ್ಲಿ ಅನ್ಯಾಯವಿತ್ತು, ನಿನಗೆ ಆದ ಅನ್ಯಾಯ. ಅದನ್ನು ನನಗೆ ಒಂದು ದಿನ ಮೊದಲೇ ಹೇಳಿದ್ದರೆ, ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಕಟ್ಟೋಣ ಬಾ ಅನ್ನುತ್ತಿದ್ದೆ ಅಕ್ಕ. ನಿನಗೆ ನನಗಿಂತ ಹೆಚ್ಚು ಅಂಕ ಬರುತ್ತಿತ್ತು. ನೀನು ಅದರ ಬದಲು ನನ್ನ ಬಾಯಿಂದ ಬಂದದ್ದನ್ನು ನನಗೆ ಗೊತ್ತಾಗದ ಹಾಗೆ ಕಾಗದದಿಂದ ತೆಗೆದುಬಿಟ್ಟೆ.

ಅಮ್ಮನಿಗೆ ಸಂಜೆಯೊಳಗೆ ಎಲ್ಲ ತಿಳಿಯಿತು. ಅವಳು ನಿನ್ನನ್ನು ಬೈಯಲಿಲ್ಲ, ನನ್ನನ್ನು ತಬ್ಬಿಕೊಳ್ಳಲೂ ಇಲ್ಲ. ನಿನಗೆ ಹುಡುಗನನ್ನು ನೋಡುತ್ತಿದ್ದ ಕಾಲ. ಮನೆಯ ಮಾತು ಬೀದಿಗೆ ಬೀಳಬಾರದು, ತಾನಿರುವ ತನಕ ಇದನ್ನು ಯಾರಿಗೂ ಹೇಳುವುದಿಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ. ಆ ವರ್ಷ ಸಂಗೀತ ಕಲಿಯುತ್ತಿದ್ದ ಒಬ್ಬ ಅಪರಿಚಿತ ಹುಡುಗಿಯನ್ನು ಕೂರಿಸಿಕೊಂಡು ರಸಾಯನಶಾಸ್ತ್ರವನ್ನು ಮತ್ತೆ ಬರೆದೆ. ಅವಳಿಗೆ ಎನ್ ಯಾವುದು, ಎಚ್ ಯಾವುದು ಅಂತಷ್ಟೇ ಗೊತ್ತಿತ್ತು. ಪ್ರತಿಯೊಂದನ್ನೂ ಮೂರು ಸಲ ಓದಿಸಿದೆ. ಬೇಸತ್ತು ಅವಳು, ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಕೇಳಿದಳು. ಇಲ್ಲ ಅಂದೆ. ಅಂಕ ಬಂತು, ಆ ದೂರದ ಊರಿಗೆ ಹೋದೆ, ಓದಿದೆ. ಆಸಿಡ್ ನನ್ನನ್ನು ಏನೂ ಮಾಡಲಿಲ್ಲ. ಹಾಸ್ಟೆಲಿನ ಮೆಟ್ಟಿಲುಗಳು ಮೂರೇ ದಿನದಲ್ಲಿ ಕಾಲಿಗೆ ಬಾಯಿಪಾಠವಾದವು. ಇವತ್ತು ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತೇನೆ. ಆದರೆ ರಸ್ತೆ ದಾಟುವಾಗ ಯಾರಾದರೂ 'ಬನ್ನಿ, ಗಾಡಿಗಳಿಲ್ಲ' ಅಂದರೆ ಇವತ್ತಿಗೂ ನನ್ನ ಕಾಲು ಏಳುವುದಿಲ್ಲ. ನನ್ನ ಗಂಡ ಔಷಧಿಯ ಸೀಸೆಯ ಮೇಲಿನ ಹೆಸರು ಓದಿ ಹೇಳಿದರೆ, ಅವರು ಆಚೆ ಹೋದ ಮೇಲೆ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಅವರಿಗೆ ಅದು ಗೊತ್ತು. ಒಮ್ಮೆಯೂ ಯಾಕೆ ಅಂತ ಕೇಳಿಲ್ಲ. ಕೇಳದೆ ನೋಯುತ್ತಾರೆ. ನೀನು ನನ್ನಿಂದ ತೆಗೆದುಕೊಂಡದ್ದು ಒಂದು ವರ್ಷ ಮಾತ್ರ ಅಂತ ನಿನ್ನ ಲೆಕ್ಕವಿದ್ದರೆ, ಇದನ್ನೂ ಸೇರಿಸಿಕೋ.

ನಿನ್ನ ಮದುವೆಯಲ್ಲಿ ನಿನ್ನ ಪಕ್ಕದಲ್ಲೇ ನಿಂತಿದ್ದೆ. ಹಬ್ಬ ಹುಣ್ಣಿಮೆಗೆ ಫೋನಿನಲ್ಲಿ ಮಾತಾಡಿದೆ. ಅಮ್ಮ ಹೋದಾಗ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಹೀಗೇ ಸಾಗಿಹೋಗುತ್ತಿತ್ತೇನೋ. ಆದರೆ ಕಳೆದ ತಿಂಗಳು ನಮ್ಮ ಹಳೆಯ ಶಾಲೆಯಲ್ಲಿ ನನಗೆ ಸನ್ಮಾನ ಮಾಡಿದರಲ್ಲ, ಅಲ್ಲಿ ನೀನು ಮಾತಾಡಿದೆ.

ಮೊದಲು ಮಾತಾಡಿದವರು ಸುಣ್ಣದ ಮೇಷ್ಟ್ರು. ಅವರ ದನಿ ಈಗ ಎಷ್ಟು ನಡುಗುತ್ತದೆ, ಗಮನಿಸಿದೆಯಾ? ಈ ಹುಡುಗಿ ಒಮ್ಮೆ ಎಲ್ಲ ಅಣುಗಳಲ್ಲೂ ಒಂಟಿ ಜೋಡಿ ಮರೆತು ಬಂದಿದ್ದಳು, ಅವತ್ತಿನಿಂದ ನಿವೃತ್ತನಾಗುವ ತನಕ ಪ್ರತಿ ತರಗತಿಯಲ್ಲೂ ಇವಳ ಉದಾಹರಣೆ ಕೊಟ್ಟೇ ಎಚ್ಚರಿಸುತ್ತಿದ್ದೆ ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. ಅವರ ಅಷ್ಟೂ ವರ್ಷದ ಮಕ್ಕಳ ಮುಂದೆ ನಾನು ಮರೆಗುಳಿಯಾಗಿ ನಿಂತಿದ್ದೆನೆಂದು ನನಗೆ ಆವತ್ತೇ ಗೊತ್ತಾದದ್ದು. ಆಮೇಲೆ ಮುಖ್ಯೋಪಾಧ್ಯಾಯಿನಿ ನಿನ್ನನ್ನು ವೇದಿಕೆಗೆ ಕರೆದರು. ನೀನು ಏನೋ ಒಂದೆರಡು ಮಾತು ಹೇಳಿ ಇಳಿಯಬಹುದಿತ್ತು. ಮೈಕು ಹಿಡಿದು ಹೇಳಿದೆ, 'ಅವಳ ಪರೀಕ್ಷೆಗಳನ್ನ ನಾನೇ ಬರ್ದುಕೊಟ್ಟಿದ್ದು. ಅವಳು ಹೇಳಿದ ಹಾಗೇ, ಒಂದಕ್ಷರ ಬಿಡದೆ.'

ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಎಡಕ್ಕೆ ಮೇಷ್ಟ್ರು ಕೂತು ಚಪ್ಪಾಳೆ ತಟ್ಟುತ್ತಿದ್ದರು.

ಸಭೆ ಮುಗಿದ ಮೇಲೆ ನಿನ್ನ ಮಗಳು ಬಂದು ನನ್ನ ಬೆರಳು ಹಿಡಿದುಕೊಂಡಳು. 'ಚಿಕ್ಕಮ್ಮ, ಅಮ್ಮ ಅಷ್ಟು ಸರಿಯಾಗಿ ಬರ್ದಿದ್ರೆ, ಮೇಷ್ಟ್ರು ಹೇಳಿದ ಆ ಒಂಟಿ ಜೋಡಿಗಳನ್ನ ನೀನೇ ಮರ್ತಿದ್ದಾ?' ಅಂತ ಕೇಳಿದಳು. ಹದಿನಾಲ್ಕು ವರ್ಷದ ಮಗು. ಅಷ್ಟು ದೊಡ್ಡ ಸಭೆಯಲ್ಲಿ ಎರಡು ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವಳು ಅವಳೊಬ್ಬಳೇ. ರಸಾಯನಶಾಸ್ತ್ರ ತಲೆಗೆ ಹತ್ತುವುದಿಲ್ಲ ಅನ್ನುತ್ತೀಯಲ್ಲ, ಅವಳ ತಲೆ ನಿನ್ನ ತಲೆ. ನಿಮ್ಮಮ್ಮನನ್ನೇ ಕೇಳು ಅಂದೆ. ಕೇಳಿದಳೋ ಇಲ್ಲವೋ, ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ.

ಈಗ ನನ್ನ ಉತ್ತರ. ಮಗಳನ್ನು ಕಳಿಸು. ಶರತ್ತಿಲ್ಲದೆ ಹೇಳುತ್ತಿದ್ದೇನೆ. ನಿನ್ನ ತಪ್ಪಿಗೆ ಅವಳ ಮುಂದೆ ನನ್ನ ಬಾಗಿಲು ಹಾಕುವುದಿಲ್ಲ. ನಮ್ಮ ಸಣ್ಣ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿಸಿದ್ದೇನೆ, ಸಂಜೆ ಈಜಲು ಕರೆದುಕೊಂಡು ಹೋಗುತ್ತೇನೆಂದು ನನ್ನ ಗಂಡ ಆಗಲೇ ಮಾತು ಕೊಟ್ಟಿದ್ದಾರೆ. ಅವಳಿಗೆ ನನಗೆ ಬಂದಷ್ಟನ್ನೂ ಕಲಿಸುತ್ತೇನೆ.

ಆದರೆ ಅಕ್ಕ, ಅಮ್ಮನಿಗೆ ಕೊಟ್ಟ ಮಾತು ಅಮ್ಮನ ಜೊತೆಗೇ ಹೋಯಿತು. ನಿನ್ನ ಮಗಳು ನನ್ನ ಮನೆಯಲ್ಲಿ ಕೂತು ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ನನ್ನ ಬಾಯಿಂದ ಕೇಳುವುದಕ್ಕಿಂತ ನಿನ್ನ ಬಾಯಿಂದ ಕೇಳಿದರೆ ಅವಳಿಗೆ ಅಮ್ಮ ಉಳಿಯುತ್ತಾಳೆ. ಅವಳನ್ನು ಬಸ್ಸು ಹತ್ತಿಸುವ ಮೊದಲು ಹೇಳು. ಸಾಧ್ಯವಾದರೆ ಅವಳನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋಗಿ ಬಾ. ಅವರು ಬೈಯುವುದಿಲ್ಲ, ಆ ವಯಸ್ಸು ದಾಟಿದ್ದಾರೆ. ಅವರ ಮುಂದೆ ನನಗೆ ನನ್ನ ಹೆಸರು ವಾಪಸು ಬೇಕು, ಅವರು ಬದುಕಿರುವಾಗಲೇ ಬೇಕು. ಅದನ್ನು ನಾನೇ ಹೋಗಿ ಕೇಳಿ ಪಡೆಯಬಹುದು. ಆದರೆ ಕೊಡಬೇಕಾದವಳು ನೀನು.

ನಿನ್ನ ಮಗಳಿಗೆ ಒಳ್ಳೆಯದಾಗಲಿ, ಅವಳು ಕೇಳುವ ಪ್ರಶ್ನೆಗಳು ಎಂದೂ ಕಡಿಮೆಯಾಗದಿರಲಿ ಎಂದು ಮನಸಾರೆ ಹರಸುತ್ತೇನೆ. ನಿನಗೂ ಒಂದು ಹಾರೈಕೆ ಬರೆಯಬೇಕೆಂದು ಬಹಳ ಹೊತ್ತು ಕೂತೆ. ಬರಲಿಲ್ಲ. ಮಗಳ ಜೊತೆ ಬಸ್ಸಿನಲ್ಲಿ ನೀನೂ ಬಂದರೆ, ನಿಲ್ದಾಣದಲ್ಲಿ ಇಬ್ಬರನ್ನೂ ಕಾಯುತ್ತಿರುತ್ತೇನೆ.

ನಿನ್ನ ತಂಗಿ